ದಣಪೆ ದಾಟುವವರಿಗೆ ಒಂದು ಕಾಗದ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ನಮ್ಮ ಜಾಗದಲ್ಲಿ ಬೇರೆಯವರು ಓಡಾಡುತ್ತಾರೆ, ಏನು ಮಾಡಲಿ? ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಅದು ನಮ್ಮ ಮನೆಯ ಕಥೆಯೂ ಹೌದು, ಅದಕ್ಕೇ.

ಪ್ರಶ್ನೆ: ಸಾಗರ ತಾಲೂಕಿನಲ್ಲಿ ನಮಗೆ 2 ಎಕರೆ ಅಡಿಕೆ ತೋಟವಿದೆ. ನಾನಿರುವುದು ಬೆಂಗಳೂರಿನಲ್ಲಿ. ಅಪ್ಪ 2019ರಲ್ಲಿ ತೀರಿಕೊಂಡರು. ಪಕ್ಕದ ತೋಟದವರು ಮೊದಲಿನಿಂದಲೂ ನಮ್ಮ ತೋಟದ ನಡುವೆ ನಡೆದು ಹೋಗುತ್ತಿದ್ದರು. ಅಪ್ಪ ಬೇಡ ಅಂದವರಲ್ಲ. ಈಗ ಅವರ ಮಗ ಅದೇ ದಾರಿಯಲ್ಲಿ ಪಿಕಪ್ ಗಾಡಿ ತರುತ್ತಾರೆ. ಗೇಟು ಹಾಕುತ್ತೇನೆ ಎಂದರೆ "20 ವರ್ಷ ಆಗಿದೆ, ಇದು ನಮ್ಮ ಹಕ್ಕು" ಅನ್ನುತ್ತಾರೆ. ಅವರಿಗೆ ಇನ್ನೊಂದು ಕಡೆಯಿಂದ ಪಂಚಾಯ್ತಿ ರಸ್ತೆ ಇದೆ, ಸ್ವಲ್ಪ ಸುತ್ತು ಅಷ್ಟೆ. ಅಮೆರಿಕದಲ್ಲಿರುವ ಅಣ್ಣ, ವರ್ಷಕ್ಕೊಂದು ದಿನ ದಾರಿ ಮುಚ್ಚಿದರೆ ಯಾರಿಗೂ ಹಕ್ಕು ಹುಟ್ಟುವುದಿಲ್ಲ ಅನ್ನುತ್ತಾನೆ. ಯಾವುದು ನಿಜ?

ಉತ್ತರ: ಮೊದಲು ನಿಮ್ಮ ಅಣ್ಣನ ಮಾತು. ಆ ಪದ್ಧತಿ ಅಮೆರಿಕದಲ್ಲಿದೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ನಮಗಿರುವುದು, ಬೇರೆಯವರ ಜಾಗದಲ್ಲಿ ದಾರಿಯಂಥ ಹಕ್ಕು ಹೇಗೆ ಹುಟ್ಟುತ್ತದೆ ಎಂದು ಹೇಳುವ 1882ರ ಈಸ್‌ಮೆಂಟ್ ಕಾಯ್ದೆ. ಅದರ 15ನೇ ಕಲಂ ಪ್ರಕಾರ, ಸುಮ್ನೆ ಒಂದು ದಿನ ಅಡ್ಡ ಕಟ್ಟಿದರೆ ಅದನ್ನು 20 ವರ್ಷದ ಓಡಾಟಕ್ಕೆ ಬಂದ ತಡೆ ಎಂದು ಲೆಕ್ಕ ಹಿಡಿಯುವುದಿಲ್ಲ. ದಾರಿ ನಿಜವಾಗಿ ನಿಂತು ಹೋಗಬೇಕು. ಯಾರು ನಿಲ್ಲಿಸಿದರು ಎಂದು ಓಡಾಡುವವರಿಗೆ ಗೊತ್ತಾಗಬೇಕು. ಗೊತ್ತಾದ ಮೇಲೂ ಅವರು ಒಂದು ವರ್ಷ ಸುಮ್ಮನಿದ್ದರೆ ಮಾತ್ರ ಅದು ತಡೆ. ಆ ಸಲಹೆ ನಂಬಿ ವರ್ಷಕ್ಕೊಮ್ಮೆ ಬೇಲಿ ಕಟ್ಟಿ ಬಿಚ್ಚುತ್ತಾ ಕೂತವರನ್ನು ನಾನು ಕೋರ್ಟಿನಲ್ಲಿ ಕಂಡಿದ್ದೇನೆ. ಅವರಿಗೆ ಅದರಿಂದ ಏನೂ ಸಿಗಲಿಲ್ಲ.

ಇನ್ನು ಪಕ್ಕದವರ ಮಾತು. 20 ವರ್ಷ ಎನ್ನುವುದು ಕಾಯ್ದೆಯಲ್ಲಿದೆ, ಸುಳ್ಳಲ್ಲ. ಆದರೆ 20 ವರ್ಷ ನಡೆದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಬಹಿರಂಗವಾಗಿ, ಜಗಳವಿಲ್ಲದೆ, ನಡುವೆ ನಿಲ್ಲದೆ ನಡೆದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, "ಇದು ನನ್ನ ಹಕ್ಕು" ಎಂದೇ ನಡೆದಿರಬೇಕು. ನಿಮ್ಮ ಅಪ್ಪನ ಅನುಮತಿ ಪಡೆದು ನಡೆದಿದ್ದರೆ 40 ವರ್ಷವಾದರೂ ಹಕ್ಕು ಹುಟ್ಟುವುದಿಲ್ಲ. ಅದು ಬರೀ ಪರವಾನಗಿ. ಇನ್ನೊಂದು ಸಂಗತಿ ತುಂಬ ಜನರಿಗೆ ಗೊತ್ತಿಲ್ಲ. ಆ 20 ವರ್ಷ, ದಾವೆ ಹಾಕುವುದಕ್ಕಿಂತ ಹಿಂದಿನ 2 ವರ್ಷದೊಳಗೆ ಮುಗಿದಿರಬೇಕು. ಯಾವಾಗಲೋ 1970ರಿಂದ 1990ರ ತನಕ ಓಡಾಡಿ ಬಿಟ್ಟಿದ್ದನ್ನು ಈಗ ತಂದು ತೋರಿಸಿದರೆ ಆಗುವುದಿಲ್ಲ. ರುಜುವಾತು ಮಾಡುವ ಹೊಣೆಯೂ ಹಕ್ಕು ಕೇಳುವವರದೇ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣ ತೀರ್ಮಾನಿಸಿತು. "ಅನೇಕ ವರ್ಷಗಳಿಂದ" ಓಡಾಡುತ್ತಿದ್ದೇವೆ ಎಂದು ಬರೆದರೆ ಸಾಲದು, ಅದು 20 ವರ್ಷ ಎಂದಾಗುವುದಿಲ್ಲ ಎಂದಿತು.

ಹಾಗಾದರೆ ನಿಮ್ಮ ಕೇಸು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಅಪ್ಪ ಅನುಮತಿ ಕೊಟ್ಟಿದ್ದರೋ ಅಥವಾ ಸುಮ್ಮನಿದ್ದರೋ? ಈ ಎರಡರ ನಡುವೆ ನಮ್ಮ ಮನೆಯವರು 7 ವರ್ಷ ಕೋರ್ಟು ಅಲೆದೆವು.

ನಮ್ಮ ತೋಟದ ತಲೆಯಲ್ಲಿ ಬಿದಿರಿನ ದಣಪೆ, ಅಂದರೆ ಗಳ ಸರಿಸಿ ದಾಟುವ ಬೇಲಿಬಾಗಿಲು, ಇತ್ತು. ಮೂರು ಗಳದ್ದು. ಒಂದು ಮಳೆಗಾಲದಲ್ಲಿ ಹಳ್ಳದ ಬದಿಯ ದಾರಿ ಕುಸಿಯಿತು. ಪಕ್ಕದ ಮನೆಯ ಯಜಮಾನರು ಕಂಬಳಿಕೊಪ್ಪೆ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದರು. "ಡೈರಿಗೆ ಹಾಲು ಒಯ್ಯಬೇಕು, ನಿಮ್ಮ ತೋಟದಲ್ಲಿ ಹಾಯ್ದು ಹೋಗ್ಲಾ?" ಅಂದರು. ಅಪ್ಪ "ಅದಕ್ಕೇನು ಕೇಳೋದು, ಹೋಗಿ" ಅಂದರು. ನಾನು ಜಗಲಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಆಮೇಲೆ ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಅವರು ಬರುವುದು, ಗಳ ಸರಿಸುವುದು, ದಾಟಿ ಮತ್ತೆ ಗಳ ಹಾಕುವುದು. ಒಂದು ದಿನವೂ ಅವರು ದಣಪೆ ತೆರೆದಿಟ್ಟು ಹೋಗಲಿಲ್ಲ. ಹಳ್ಳದ ಬದಿಯ ದಾರಿ ಸರಿಯಾಯಿತು. ಓಡಾಟ ಮಾತ್ರ ಹಾಗೇ ಉಳಿಯಿತು.

ಇಬ್ಬರೂ ಹಿರಿಯರು ಹೋದರು. ಅವರ ತೋಟ ಬೇರೆಯವರಿಗೆ ಮಾರಾಟವಾಯಿತು. ಹೊಸಬರು ದಾವೆ ಹಾಕಿದರು. ಅಪ್ಪ ಅನುಮತಿ ಕೊಟ್ಟ ಆ ಮಾತಿಗೆ ಉಳಿದ ಸಾಕ್ಷಿ ನಾನೊಬ್ಬಳೇ. ವಕೀಲಳಾಗಿ ಎಷ್ಟೋ ಸಲ ನಿಂತ ಕೋರ್ಟಿನಲ್ಲಿ ಕಟಕಟೆ ಹತ್ತಿ ನಿಂತೆ. "ಆಗ ನಿಮ್ಮ ವಯಸ್ಸೆಷ್ಟು?" ಎಂದು ಎದುರಿನವರು ಕೇಳಿದರು. 11 ಅಂದೆ. ಹನ್ನೊಂದರ ಹುಡುಗಿ ಕೇಳಿದ ಮಾತಿಗೆ ಎಷ್ಟು ತೂಕ ಸಿಗುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತು. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡೆವು. ದಾರಿಯನ್ನು ತೋಟದ ಅಂಚಿಗೆ ತಳ್ಳಿದೆವು. ಅದಕ್ಕಾಗಿ ಅಪ್ಪ ನೆಟ್ಟಿದ್ದ 41 ಅಡಿಕೆ ಮರ ಕಡಿಸಬೇಕಾಯಿತು. ಅಪ್ಪ ಆ ಬೆಳಿಗ್ಗೆ ಮಾಡಿದ್ದು ಒಳ್ಳೆಯ ಕೆಲಸ. ಇವತ್ತು ಯಾರಾದರೂ ಕೇಳಿದರೂ ನಾನು ಹಾಗೇ "ಹೋಗಿ" ಅನ್ನುತ್ತೇನೆ. ಆದರೆ ಅದೇ ದಿನ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸುತ್ತೇನೆ.

ಆ ಹಾಳೆಗೆ ಕಾಯ್ದೆಯಲ್ಲೇ ಬೆಲೆ ಇದೆ. ಒಪ್ಪಂದದ ಮೇಲೆ ನಡೆದ ಓಡಾಟ, ಅದು ಹಕ್ಕಾಗಿ ಕೊಟ್ಟದ್ದಲ್ಲ ಎಂದು ಒಪ್ಪಂದದಲ್ಲೇ ಕಾಣುವಂತಿದ್ದರೆ, ಆ ಓಡಾಟ 20 ವರ್ಷದ ಲೆಕ್ಕಕ್ಕೇ ಬರುವುದಿಲ್ಲ. ಇದೂ 15ನೇ ಕಲಂನಲ್ಲೇ ಇದೆ. ಏನು ಬರೆಯಬೇಕು? ಸರ್ವೆ ನಂಬರು, ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ, ನಡೆಯಲು ಮಾತ್ರವೋ ಗಾಡಿಗೂ ಹೌದೋ. ಆಮೇಲೆ ಈ ವಾಕ್ಯ: "ಇದು ನಿಮ್ಮ ವಿನಂತಿಯ ಮೇಲೆ ಕೊಟ್ಟ ಅನುಮತಿ. ಇದರಿಂದ ದಾರಿಯ ಹಕ್ಕು ಹುಟ್ಟುವುದಿಲ್ಲ. ಬೇಕಾದಾಗ ಹಿಂಪಡೆಯಬಹುದು." ಎರಡೂ ಕಡೆಯ ಸಹಿ, ಇಬ್ಬರು ಸಾಕ್ಷಿ, ತಾರೀಕು. ಬರೀ ಅನುಮತಿಯಾದರೆ ನೋಂದಣಿ ಬೇಕಿಲ್ಲ. ಶಾಶ್ವತ ಹಕ್ಕನ್ನೇ ಕೊಡುವ ಮನಸ್ಸಿದ್ದರೆ ಮಾತ್ರ ಉಪ ನೋಂದಣಿ ಕಚೇರಿಗೆ ಹೋಗಿ. ಕಾಗದ ಎಂದರೆ ಪಕ್ಕದವರಿಗೆ ಬೇಜಾರಾಗುತ್ತದೆ ಎಂದು ಹಿಂಜರಿಯುತ್ತಾರೆ. ನನ್ನ ಅನುಭವದಲ್ಲಿ, ಸಂಬಂಧ ಚೆನ್ನಾಗಿರುವಾಗ ಕೇಳಿದರೆ ಹೆಚ್ಚಿನವರು ಸಹಿ ಹಾಕುತ್ತಾರೆ. ಜಗಳ ಶುರುವಾದ ಮೇಲೆ ಯಾರೂ ಹಾಕುವುದಿಲ್ಲ.

ನಿಮ್ಮ ವಿಷಯದಲ್ಲಿ ಜಗಳ ಶುರುವಾಗಿದೆ. ಆದರೂ ದಾರಿ ಇದೆ. ನಿಮಗೆ ಎರಡು ಅನುಕೂಲ ಇವೆ. ಒಂದು, ಪಿಕಪ್. ಕಾಯ್ದೆಯ 28ನೇ ಕಲಂ ಪ್ರಕಾರ ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ. ಕಾಲುದಾರಿಯ ಹಕ್ಕನ್ನು ಅವರು ನಿಜಕ್ಕೂ ಸಾಬೀತು ಮಾಡಿದರೂ ಗಾಡಿ ತರುವ ಹಕ್ಕು ಅದರ ಜೊತೆ ಬರುವುದಿಲ್ಲ. ಹಾಗಾಗಿ ಗಾಡಿಗೆ ಈಗಲೇ ಲಿಖಿತವಾಗಿ ಆಕ್ಷೇಪಿಸಿ. ಸ್ವೀಕೃತಿ ಸಮೇತ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಎರಡು, ಪಂಚಾಯ್ತಿ ರಸ್ತೆ. ಬೇರೆ ದಾರಿ ಇರುವಾಗ "ನಮಗೆ ಇದು ಬಿಟ್ಟರೆ ಗತಿಯಿಲ್ಲ" ಎಂಬ ಅಗತ್ಯದ ಹಕ್ಕು ನಿಲ್ಲುವುದಿಲ್ಲ. ಸುತ್ತು ಎನ್ನುವುದು ಕಾರಣವಲ್ಲ.

ಒಂದು ಎಚ್ಚರಿಕೆ. ಅವರು ಆ ದಾರಿಗೆ ಕಾಂಕ್ರೀಟು ಹಾಕುವುದು, ಮೋರಿ ಕಟ್ಟುವುದು ಮಾಡಿದರೆ ನೋಡುತ್ತಾ ಕೂರಬೇಡಿ. ಅನುಮತಿ ನಂಬಿ ಖರ್ಚು ಮಾಡಿ ಶಾಶ್ವತ ಕೆಲಸ ಮಾಡಿದವರಿಂದ ಅನುಮತಿ ಹಿಂಪಡೆಯಲು ಆಗುವುದಿಲ್ಲ ಎಂದು 60ನೇ ಕಲಂ ಹೇಳುತ್ತದೆ. "ರಸ್ತೆ ನಾವೇ ಚೆಂದ ಮಾಡ್ಕೊಳ್ತೀವಿ" ಎಂಬ ಮಾತು ಕೇಳಿ ಖುಷಿಪಟ್ಟವರು ಆಮೇಲೆ ನನ್ನ ಕಚೇರಿಗೆ ಬಂದಿದ್ದಾರೆ.

ಗೇಟು ಹಾಕಬಹುದು. ಬೀಗ ಬೇಡ. ಏಕಾಏಕಿ ಅಗಳ ತೋಡಿ ದಾರಿ ಮುಚ್ಚಿದರೆ ಅವರು ನಾಳೆಯೇ ತಡೆಯಾಜ್ಞೆ ತರುತ್ತಾರೆ. ಅದಕ್ಕೆ ಮೊದಲು ನೀವೇ ಕೋರ್ಟಿನಲ್ಲಿ ಕೇವಿಯಟ್ ಹಾಕಿ. ಅದು 90 ದಿನ ಚಾಲ್ತಿಯಲ್ಲಿರುತ್ತದೆ. ನಿಮ್ಮ ಮಾತು ಕೇಳದೆ ಆದೇಶ ಆಗದಂತೆ ಕಾಪಾಡುತ್ತದೆ. ಆಮೇಲೆ ಊರಿಗೆ ಹೋಗಿ, ಆ ಮಗನ ಜೊತೆ ಕೂತು ಮಾತಾಡಿ. ತೋಟದ ಅಂಚಿನಲ್ಲಿ 3 ಅಡಿ ಕಾಲುದಾರಿ, ಬರಹದ ಅನುಮತಿ, ಗಾಡಿಗೆ ಪಂಚಾಯ್ತಿ ರಸ್ತೆ. ಇದಕ್ಕೆ ಅವರು ಒಪ್ಪಿದರೆ ನಿಮ್ಮ 7 ವರ್ಷ ಉಳಿಯುತ್ತದೆ. ಮರಗಳೂ ಉಳಿಯುತ್ತವೆ.

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ. 2008ರಲ್ಲಿ ಮೈಸೂರಿನ ಹೊರಗೆ 30x40 ಸೈಟು ತೆಗೆದುಕೊಂಡೆ. ಬೇಲಿ ಹಾಕಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಯಾರೋ ಅಲ್ಲಿ ಶೆಡ್ ಕಟ್ಟಿ ಕಬ್ಬಿಣ, ಸಿಮೆಂಟು ಇಟ್ಟಿದ್ದಾರೆ. ತಮ್ಮ ಜೆಸಿಬಿ ತಂದು ಕೆಡವುತ್ತೇನೆ ಅನ್ನುತ್ತಿದ್ದಾನೆ. 12 ವರ್ಷ ಆಗುವ ತನಕ ಭಯವಿಲ್ಲ ಅಲ್ವಾ?

ಉತ್ತರ: ಜೆಸಿಬಿ ಬೇಡ. ಇವತ್ತೇ ತಮ್ಮನಿಗೆ ಫೋನ್ ಮಾಡಿ ನಿಲ್ಲಿಸಿ. ಒಬ್ಬರು ಬಂದು ನೆಲೆ ನಿಂತ ಮೇಲೆ, ಅವರು ಅತಿಕ್ರಮಣಕಾರರೇ ಆಗಿದ್ದರೂ, ಕಾನೂನಿನ ಮೂಲಕವೇ ಎಬ್ಬಿಸಬೇಕು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಕೆಡವಿದರೆ ಕ್ರಿಮಿನಲ್ ಕೇಸು ನಿಮ್ಮ ತಮ್ಮನ ಮೇಲೆ ಬೀಳುತ್ತದೆ.

12 ವರ್ಷದ ಲೆಕ್ಕ ಬೇರೆ. ನಿಮ್ಮ ಜಾಗವನ್ನು ನಿಮ್ಮ ವಿರುದ್ಧವಾಗಿ, ಬಹಿರಂಗವಾಗಿ 12 ವರ್ಷ ಅನುಭವಿಸಿದವರು ಮಾಲೀಕತ್ವವನ್ನೇ ಕೇಳಬಹುದು. 1963ರ ಕಾಲಮಿತಿ ಕಾಯ್ದೆಯ ವಿಷಯ ಅದು. ಆದರೆ ಈಗ ನೀವು ನೋಡಬೇಕಾದ್ದು 6 ತಿಂಗಳು. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿಯಲ್ಲಿ, ಸ್ವಾಧೀನ ತಪ್ಪಿಸಿದ 6 ತಿಂಗಳೊಳಗೆ ದಾವೆ ಹಾಕಿದರೆ ಮಾಲೀಕತ್ವದ ಚರ್ಚೆಗೇ ಹೋಗದೆ ಜಾಗ ವಾಪಸ್ ಕೇಳಬಹುದು. ನಿಮಗೆ ಉಳಿದಿರುವುದು 2 ತಿಂಗಳು. ಅದು ಕಳೆದರೂ ಕ್ರಯಪತ್ರದ ಬಲದ ಮೇಲೆ ದಾವೆ ಹಾಕಬಹುದು, ಆದರೆ ಆ ದಾರಿ ಉದ್ದ.

ತಮ್ಮನ ಹೆಸರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಬರೆದು ದುಬೈನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಿ. ಇಲ್ಲಿಗೆ ಬಂದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ನಿಮಗೆ ಅಷ್ಟು ಸಮಯವಿಲ್ಲ, ಬಂದ ವಾರವೇ ಮಾಡಿಸಿ. ಶೆಡ್ಡಿನ ಫೋಟೊ ತಾರೀಕಿನ ಸಮೇತ ಇರಲಿ. ಪೊಲೀಸರಿಗೆ ದೂರು ಕೊಟ್ಟು ಹಿಂಬರಹ ತೆಗೆದುಕೊಳ್ಳಲಿ. ಸಿವಿಲ್ ವಿಷಯ ಎಂದು ಬರೆದುಕೊಟ್ಟರೂ ಪರವಾಗಿಲ್ಲ. ನೀವು ಸುಮ್ಮನಿರಲಿಲ್ಲ ಎಂಬುದಕ್ಕೆ ಅದೇ ದಾಖಲೆ.

ಜಾಗ ಕೈಗೆ ಬಂದ ಮೇಲೆ ನಾಲ್ಕು ಕಲ್ಲುಕಂಬ, ತಂತಿ, ಹೆಸರಿನ ಬೋರ್ಡು ಹಾಕಿಸಿ. ತೆರಿಗೆ ಕಟ್ಟಿದ ರಸೀದಿ ಒಂದೇ ಸ್ವಾಧೀನ ತೋರಿಸುವುದಿಲ್ಲ. ನೋಡಿಕೊಳ್ಳಲು ಯಾರನ್ನಾದರೂ ಇಟ್ಟರೆ ಅವರ ಹತ್ತಿರವೂ ಬರಹ ಇರಲಿ. ಕಾವಲಿಗೆ ಇದ್ದವರಿಗೆ ಎಷ್ಟು ವರ್ಷವಾದರೂ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಅವರು ಕಾವಲಿಗೇ ಇದ್ದರು ಎಂದು ತೋರಿಸಬೇಕಾದವರು ನೀವು.

ಪ್ರಶ್ನೆ: ಮಗಳ ಮದುವೆಗೆಂದು ನಮ್ಮ ಹೊಲದ ಹಿಂಭಾಗದ 20 ಗುಂಟೆ ಮಾರಿದೆ. ಕ್ರಯಪತ್ರದಲ್ಲಿ ದಾರಿಯ ಮಾತೇ ಇಲ್ಲ. ಈಗ ತೆಗೆದುಕೊಂಡವರು ನನ್ನ ಹೊಲದ ನಡುವೆ ದಾರಿ ಬಿಡಿ ಅನ್ನುತ್ತಾರೆ. ಬರೆದುಕೊಡದ ದಾರಿ ಹೇಗೆ ಬಿಡಲಿ?

ಉತ್ತರ: ಅಣ್ಣಾ, ನಿಮಗೆ ಬೇಸರವಾದರೂ ಹೇಳುತ್ತೇನೆ. ದಾರಿ ಬಿಡಲೇಬೇಕು. ಒಂದೇ ಜಮೀನನ್ನು ಒಡೆದು ಹಿಂಭಾಗ ಮಾರಿದಾಗ, ಅಲ್ಲಿಗೆ ಹೋಗಲು ನಿಮ್ಮ ಜಾಗ ಬಿಟ್ಟರೆ ಬೇರೆ ದಾರಿಯೇ ಇಲ್ಲದಿದ್ದರೆ, ಬರೆಯದಿದ್ದರೂ ದಾರಿಯ ಹಕ್ಕು ಅದರ ಜೊತೆ ಹೋಗುತ್ತದೆ. ಈಸ್‌ಮೆಂಟ್ ಕಾಯ್ದೆಯ 13ನೇ ಕಲಂ ಅದನ್ನೇ ಹೇಳುವುದು. ಇದಕ್ಕೆ 20 ವರ್ಷ ಕಾಯಬೇಕಿಲ್ಲ, ಮಾರಿದ ದಿನವೇ ಹುಟ್ಟುತ್ತದೆ. ಅಣ್ಣತಮ್ಮಂದಿರ ಪಾಲಾದಾಗಲೂ ಇದೇ ನಿಯಮ.

ಆದರೆ ಎಲ್ಲಿ ಬಿಡಬೇಕು ಎನ್ನುವ ಮಾತು ಮೊದಲು ನಿಮ್ಮದು. ಅವರಿಗೆ ಸಾಕಷ್ಟು ಅನುಕೂಲವಾಗುವಂಥ ಜಾಗ ತೋರಿಸಿದರೆ ಆಯಿತು. ನಡುವೆಯೇ ಬೇಕು ಎಂದು ಅವರು ಹಟ ಮಾಡುವಂತಿಲ್ಲ. ಬದುವಿನ ಪಕ್ಕದಲ್ಲಿ ಅಳೆದು ಬಿಡಿ, ನಕ್ಷೆ ಸಮೇತ ಬರೆದು ನೋಂದಣಿ ಮಾಡಿಸಿ. "ಮುಂದೆ ಈ ಜಮೀನಿಗೆ ಬೇರೆ ದಾರಿಯಾದರೆ ಇದು ನಿಲ್ಲುತ್ತದೆ" ಎಂದೂ ಸೇರಿಸಿ. ಅಗತ್ಯ ಮುಗಿದರೆ ಅಗತ್ಯದ ಹಕ್ಕೂ ಮುಗಿಯುತ್ತದೆ ಎಂದು 41ನೇ ಕಲಂನಲ್ಲಿದೆ. ಪತ್ರದಲ್ಲೂ ಇದ್ದರೆ ವಾದಕ್ಕೆ ಎಡೆಯಿರುವುದಿಲ್ಲ.

ತುಂಡು ಜಾಗ ಮಾರುವ ಬೇರೆ ಓದುಗರು ಇದ್ದರೆ, ಸರ್ವೆ ಇಲಾಖೆಯಿಂದ ಆ ತುಂಡಿನ 11ಇ ನಕ್ಷೆ ಮಾಡಿಸುವಾಗಲೇ ದಾರಿ ಎಲ್ಲಿ ಎಂದು ತೀರ್ಮಾನಿಸಿ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರ) ಅದನ್ನು ಬರೆಸಿ. ಮದುವೆ ಖರ್ಚಿನ ಅವಸರದಲ್ಲಿ ಮಾಡಿದ ಪತ್ರಗಳಲ್ಲೇ ಈ ತಪ್ಪು ನನಗೆ ಹೆಚ್ಚು ಕಂಡಿರುವುದು.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಶನಿವಾರ, ಭಾನುವಾರ ಪ್ರವಾಸಿಗರು ಬೇಲಿ ನುಸುಳಿ ಬಂದು ರೀಲ್ಸ್ ಮಾಡುತ್ತಾರೆ. ಹೀಗೇ ಬಿಟ್ಟರೆ ಇವರಿಗೂ ದಾರಿ ಹಕ್ಕು ಬರುತ್ತದಾ? ಬೇಲಿಗೆ ಕರೆಂಟ್ ಕೊಡಬಹುದಾ?

ಉತ್ತರ: ಬರುವುದಿಲ್ಲ. ದಾರಿ ಹಕ್ಕು ಕೇಳಲು ಪಕ್ಕದಲ್ಲಿ ಅವರದೇ ಒಂದು ಜಮೀನು ಇರಬೇಕು. ಪ್ರವಾಸಿಗೆ ಅದಿಲ್ಲ. ಬೋರ್ಡು ಹಾಕಿ, ಹೊರಗೆ ಹೋಗಿ ಎಂದು ಹೇಳಿ. ಹೇಳಿದ ಮೇಲೂ ಕಿರಿಕಿರಿ ಮಾಡಲೆಂದೇ, ಹೆದರಿಸಲೆಂದೇ ನಿಂತರೆ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಪ್ರಕಾರ 3 ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು. ಬರೀ ದಾರಿ ತಪ್ಪಿ ಬಂದವರಿಗೆ ಇದು ಅನ್ವಯಿಸುವುದಿಲ್ಲ.

ಮನೆಯ ಲೈನಿನಿಂದ ಬೇಲಿಗೆ ಕರೆಂಟ್ ಯಾವತ್ತೂ ಕೊಡಬೇಡಿ. ಸಾಯುವವರು ರೀಲ್ಸ್ ಮಾಡುವವರು ಮಾತ್ರವಲ್ಲ. ಬೆಳಿಗ್ಗೆ ಕಾಫಿ ಕೊಯ್ಯಲು ಬರುವ ಹೆಂಗಸು, ನಿಮ್ಮ ಮನೆಯ ಮಗು, ದನ. ಜೀವ ಹೋದರೆ ನೀವು ಜೈಲಿಗೆ ಹೋಗುತ್ತೀರಿ. ಸೋಲಾರ್ ಬೇಲಿ ಬೇರೆ, ಅದು ಬಿಟ್ಟುಬಿಟ್ಟು ಸಣ್ಣ ಹೊಡೆತ ಕೊಡುತ್ತದೆ. ಅದನ್ನೂ ಗೊತ್ತಿದ್ದವರ ಕೈಯಲ್ಲೇ ಹಾಕಿಸಬೇಕು, ಎಚ್ಚರಿಕೆಯ ಫಲಕ ತೂಗುಹಾಕಬೇಕು.

ಪ್ರಶ್ನೆ: ನಾವು ಹೊಸದಾಗಿ ತೆಗೆದುಕೊಂಡ ಜಮೀನಿನಲ್ಲಿ ಊರವರು ಸ್ಮಶಾನಕ್ಕೆ ಹೋಗುತ್ತಾರೆ. ಪಹಣಿ ನಮ್ಮ ಹೆಸರಿನಲ್ಲಿದೆ. ಪಹಣಿಯಲ್ಲಿ ದಾರಿಯ ಬಗ್ಗೆ ಏನೂ ಇಲ್ಲ. ಬೇಲಿ ಹಾಕಬಹುದಲ್ಲ?

ಉತ್ತರ: ಪಹಣಿ ನೋಡಿ ತೀರ್ಮಾನಿಸಬೇಡಿ. ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ. ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ನಿಮ್ಮ ಸರ್ವೆ ನಂಬರಿನ ಮೇಲೆ ಅಂಥ ಗೆರೆ ಹಾದುಹೋಗಿದ್ದರೆ ಆ ದಾರಿ ಮುಚ್ಚುವಂತಿಲ್ಲ. ಮುಚ್ಚಿದರೆ ತಹಶೀಲ್ದಾರರು ಬಂದು ತೆಗೆಸಬಹುದು. ಜಮೀನಿನ ವಿಸ್ತೀರ್ಣ ಬರೆದಿರುವ ಸರ್ವೆ ದಾಖಲೆಯಾದ ಆಕಾರ್‌ಬಂದ್‌ನಲ್ಲಿ 'ಬಿ' ಖರಾಬು ಎಂದು ಎಷ್ಟು ಗುಂಟೆ ಬಿಟ್ಟಿದ್ದಾರೆ ಎಂದೂ ನೋಡಿ. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ ಅದರಲ್ಲಿ ಬರುತ್ತದೆ. ಅದು ನಿಮ್ಮ ಬೇಲಿಯೊಳಗಿದ್ದರೂ ನಿಮ್ಮದಲ್ಲ.

ನಕ್ಷೆಯಲ್ಲಿ ಇಲ್ಲದಿದ್ದರೂ ಅವಸರ ಬೇಡ. ಇಡೀ ಊರು ತಲೆತಲಾಂತರದಿಂದ ಬಳಸಿದ್ದಕ್ಕೆ ರೂಢಿಯ ಬಲ ಇರುತ್ತದೆ. ಅದು ಒಬ್ಬ ನೆರೆಯವನ 20 ವರ್ಷದ ಲೆಕ್ಕದಂಥದ್ದಲ್ಲ. ಹೆಣ ಹೊತ್ತು ಬಂದವರು ಬೇಲಿಯ ಎದುರು ನಿಂತ ದಿನವನ್ನು ನಾನು ಒಂದೂರಿನಲ್ಲಿ ನೋಡಿದ್ದೇನೆ. ಮಳೆ ಬರುತ್ತಿತ್ತು. ಒಳಗಿದ್ದವರ ದಾಖಲೆ ಸರಿಯಾಗಿಯೇ ಇತ್ತು. ಆದರೂ ಆ ಊರಿನಲ್ಲಿ ಅವರು ಆಮೇಲೆ ಹೆಚ್ಚು ದಿನ ಇರಲಿಲ್ಲ.

ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ. ಸರ್ವೆಯರ್ ಬರುವ ದಿನ ಊರಿನ ನಾಲ್ಕು ಹಿರಿಯರನ್ನೂ ಕರೆಯಿರಿ. ಅವರ ಎದುರೇ ಬಾಂದು ಕಲ್ಲು ನೆಡಿಸಿ. ಫೋನಿನ ದಿಶಾಂಕ್ ಆ್ಯಪ್ ಸರ್ವೆ ನಂಬರು ಹುಡುಕಲು ಸಾಕು, ಗಡಿ ತೀರ್ಮಾನಕ್ಕೆ ಸಾಲದು. ದಾರಿ ಎಷ್ಟು ಅಗಲ ಎಂದು ಅಂದೇ ಗೊತ್ತಾಗುತ್ತದೆ. ಆ ಅಗಲ ಬಿಟ್ಟು ಎರಡೂ ಪಕ್ಕ ಬೇಲಿ ಹಾಕಿಕೊಳ್ಳಿ.